ಗೋಧಿ ಹೊಲ ಹುಲ್ಲುಗಾವಲಾದಾಗ: ನಾರ್ಫಕ್‌ನ ವೆಂಡ್ಲಿಂಗ್ ಬೆಕ್ ಮತ್ತು ಜೀವವೈವಿಧ್ಯ ಯೂನಿಟ್‌ಗಳ ಲೆಕ್ಕ

ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫಕ್ ಕೌಂಟಿಯಲ್ಲಿ ಡೆರೆಹ್ಯಾಮ್ ಎಂಬ ಪಟ್ಟಣವಿದೆ. ಅದರ ಹತ್ತಿರವೇ ವೆಂಡ್ಲಿಂಗ್ ಬೆಕ್ ಎಂಬ ಹಳ್ಳ ಹರಿದು ಮುಂದೆ ವೆನ್ಸಮ್ ನದಿಯನ್ನು ಸೇರುತ್ತದೆ. ಸುತ್ತಲೂ ಗೋಧಿ, ಬಾರ್ಲಿ, ಸಕ್ಕರೆ ಬೀಟ್ ಬೆಳೆಯುವ ಸೀಮೆ. ಈ ಹಳ್ಳದ ಆಸುಪಾಸಿನ ನಾಲ್ವರು ಜಮೀನುದಾರರು ಒಟ್ಟಾಗಿ ಸುಮಾರು 2,000 ಎಕರೆಯನ್ನು ಒಂದೇ ಯೋಜನೆಯಡಿ ತಂದಿದ್ದಾರೆ. ಉಳುಮೆ ನಿಲ್ಲಿಸಿ ಅಲ್ಲಿ ಹೂಗಿಡಗಳ ಹುಲ್ಲುಗಾವಲು, ಹೀತ್ ಕುರುಚಲು, ಜೌಗು, ಮರಗಳಿರುವ ಮೇವುನೆಲ ಎಬ್ಬಿಸುವುದು ಉದ್ದೇಶ. ನಾರ್ಫಕ್ ವೈಲ್ಡ್‌ಲೈಫ್ ಟ್ರಸ್ಟ್, ಆಂಗ್ಲಿಯನ್ ವಾಟರ್, ದಿ ನೇಚರ್ ಕನ್ಸರ್ವೆನ್ಸಿ ಮತ್ತು ಸ್ಥಳೀಯ ಆಡಳಿತಗಳು ಜೊತೆಗಿವೆ. ಇದರ ಹಣಕಾಸು ಮುಖ್ಯವಾಗಿ ನಿಂತಿರುವುದು ಜೀವವೈವಿಧ್ಯ ಯೂನಿಟ್‌ಗಳ, ಅಂದರೆ ನೆಲದ ನಿಸರ್ಗ ಮೌಲ್ಯವನ್ನು ಅಳೆಯುವ ಅಂಕಗಳ, ಮಾರಾಟದ ಮೇಲೆ.

ಯೋಜನೆಯ ಒಳಲೆಕ್ಕ ಆ ಜಮೀನುದಾರರದು. ಹಾಗಾಗಿ ಗಣಿತಕ್ಕೆ ಅಂಥದ್ದೇ ನೆಲದ 10 ಹೆಕ್ಟೇರಿನ ಒಂದು ಗೋಧಿ ಹೊಲವನ್ನು, ಅಂದರೆ ಸುಮಾರು 25 ಎಕರೆಯನ್ನು, ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಹೊಲ ಮಾತ್ರ ಮಾದರಿ. ಕಾನೂನು, ಸೂತ್ರ, ಸರಕಾರಿ ದರ ಎಲ್ಲ ಇಂಗ್ಲೆಂಡಿನಲ್ಲಿ ಜಾರಿಯಲ್ಲಿರುವುದೇ.

ಕೊಳ್ಳುವವರು ಯಾರು

ಇಂಗ್ಲೆಂಡಿನ 2021ರ ಪರಿಸರ ಕಾಯಿದೆಯ ಪ್ರಕಾರ, ಮನೆ, ಗೋದಾಮು, ರಸ್ತೆ ಕಟ್ಟುವವರು, ಕೆಲವು ವಿನಾಯಿತಿ ಬಿಟ್ಟರೆ, ನಿವೇಶನದ ಜೀವವೈವಿಧ್ಯವನ್ನು ಮೊದಲಿದ್ದುದಕ್ಕಿಂತ ಕನಿಷ್ಠ 10% ಹೆಚ್ಚಿಸಿ ತೋರಿಸಬೇಕು. ದೊಡ್ಡ ಯೋಜನೆಗಳಿಗೆ ಇದು 12 ಫೆಬ್ರವರಿ 2024ರಿಂದ, ಸಣ್ಣ ನಿವೇಶನಗಳಿಗೆ 2 ಏಪ್ರಿಲ್ 2024ರಿಂದ ಕಡ್ಡಾಯವಾಯಿತು. ನಿವೇಶನದೊಳಗೇ ಸಾಧ್ಯವಾಗದಿದ್ದರೆ ಬಿಲ್ಡರ್ ಹೊರಗಿನ ಜಮೀನಿನಿಂದ ಯೂನಿಟ್ ಕೊಳ್ಳುತ್ತಾನೆ. ಅದೂ ಸಿಗದಿದ್ದರೆ ಸರಕಾರವೇ ಮಾರುವ ಕ್ರೆಡಿಟ್ ಕೊಳ್ಳಬೇಕು. ಮಾತಿನಲ್ಲಿ ಎರಡನ್ನೂ ಕ್ರೆಡಿಟ್ ಎಂದೇ ಕರೆಯುತ್ತಾರೆ, ಆದರೆ ರೈತ ಮಾರುವುದು ಯೂನಿಟ್, ಸರಕಾರ ಮಾರುವುದು ಕ್ರೆಡಿಟ್. ಸರಕಾರಿ ದರಪಟ್ಟಿಯಲ್ಲಿ ಅತಿ ಅಗ್ಗದ ಶ್ರೇಣಿಗೆ ಕ್ರೆಡಿಟ್ ಒಂದಕ್ಕೆ 42,000 ಪೌಂಡ್ ಇಟ್ಟರು. ಒಂದು ಯೂನಿಟ್ ಕೊರತೆ ತುಂಬಲು ಎರಡು ಕ್ರೆಡಿಟ್ ಬೇಕು, ಅಂದರೆ 84,000 ಪೌಂಡ್. ಯಾರೂ ಕೊಳ್ಳಬಾರದು ಎಂದೇ ಇಟ್ಟ ಬೆಲೆ ಅದು. ಅದರ ನೆರಳಿನಲ್ಲಿ ಖಾಸಗಿ ಹುಲ್ಲುಗಾವಲು ಯೂನಿಟ್ ಸುಮಾರು 25,000 ಪೌಂಡಿನ ಆಸುಪಾಸಿನಲ್ಲಿ ಓಡಾಡುತ್ತದೆ.

ಜಮೀನುದಾರರಿಗೆ ಈ ಕಡೆ ತಿರುಗಲು ಇನ್ನೊಂದು ಕಾರಣವೂ ಇತ್ತು. ಯುರೋಪಿಯನ್ ಒಕ್ಕೂಟದ ಕಾಲದಿಂದ ಎಕರೆವಾರು ಬರುತ್ತಿದ್ದ ಸಹಾಯಧನವನ್ನು ಇಂಗ್ಲೆಂಡ್ 2021ರಿಂದ ವರ್ಷ ವರ್ಷ ಕಡಿತ ಮಾಡುತ್ತ ಬಂತು. ಮರಳು ಮಿಶ್ರಿತ ಹಗುರ ನೆಲದಲ್ಲಿ ಮಳೆ ಕೈಕೊಟ್ಟ ವರ್ಷ ಗೋಧಿಯಿಂದ ಉಳಿಯುವುದು ಅಷ್ಟರಲ್ಲೇ ಇದೆ.

ಬಡ ಹೊಲವೇ ಒಳ್ಳೆಯ ಹೊಲ

ಮೊದಲ ಕೆಲಸ ಈಗ ಅಲ್ಲಿ ಏನಿದೆ ಎಂಬುದರ ಸಮೀಕ್ಷೆ. ಪರಿಸರ ತಜ್ಞರು ಹೊಲವನ್ನು ನಡೆದು ನೋಡಿ ಪ್ರತಿ ತುಂಡಿಗೂ ನಿಗದಿತ ಆವಾಸ ವರ್ಗ ಕೊಟ್ಟು ನಕ್ಷೆ ಮಾಡುತ್ತಾರೆ. ಹುಲ್ಲುನೆಲವಾದರೆ ಈ ಕೆಲಸ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಆಗಬೇಕು. ಚಳಿಗಾಲದಲ್ಲಿ ಮಾಡಿದ ಸಮೀಕ್ಷೆಯನ್ನು ಯೋಜನಾ ಕಚೇರಿ ಒಪ್ಪದಿದ್ದರೆ ಒಂದು ಹಂಗಾಮು ಪೂರ್ತಿ ಹೋದಂತೆ.

ಮಾರಾಟಕ್ಕೆ ಸಿಗುವುದು ಮುಂದಿನ ಮೌಲ್ಯದಿಂದ ಇಂದಿನ ಮೌಲ್ಯ ಕಳೆದು ಉಳಿದದ್ದು ಮಾತ್ರ. ಆದ್ದರಿಂದ ಇಂದಿನ ಮೌಲ್ಯ ಕಡಿಮೆ ಇದ್ದಷ್ಟೂ ಲಾಭ. ಏಕದಳ ಧಾನ್ಯದ ಹೊಲಕ್ಕೆ ಹೆಕ್ಟೇರಿಗೆ 2 ಯೂನಿಟ್. ಇದು ಪಟ್ಟಿಯ ತಳದ ಹತ್ತಿರ. ಎಡವುವುದು ಅಂಚಿನಲ್ಲಿ: ಬದುವಿನ ಹಳೆಯ ಹುಲ್ಲು, ಮೂಲೆಯ ಪೊದೆ, ನೀರು ನಿಲ್ಲುವ ತಗ್ಗು ಇವನ್ನೆಲ್ಲ ಗೋಧಿಯ ಲೆಕ್ಕಕ್ಕೇ ಸೇರಿಸಿಬಿಟ್ಟರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಮೊದಲೇ ಒಂದಷ್ಟು ಕೆಡಿಸಿಟ್ಟು ಆಮೇಲೆ ಅಳತೆಗೆ ಕರೆಯೋಣ ಎನ್ನುವವರಿಗೂ ಕಾನೂನು ಬಾಗಿಲು ಮುಚ್ಚಿದೆ. 30 ಜನವರಿ 2020ರ ನಂತರ ನೆಲವನ್ನು ಬೇಕೆಂದೇ ಹಾಳು ಮಾಡಿದ್ದರೆ ಹಾಳಾಗುವ ಮುಂಚಿನ ಸ್ಥಿತಿಯೇ ಲೆಕ್ಕಕ್ಕೆ ಬರುತ್ತದೆ.

ಅದೇ ತಾರೀಖಿಗೆ ಇನ್ನೊಂದು ಮುಖವಿದೆ: ಮಾರಬಹುದಾದ ಸುಧಾರಣೆಯೂ ಅದರ ನಂತರವೇ ಶುರುವಾಗಿರಬೇಕು. ವೆಸ್ಟ್ ಸಸೆಕ್ಸ್‌ನ ನೆಪ್ ಎಸ್ಟೇಟ್ ಸುಮಾರು 3,500 ಎಕರೆ ಜೇಡಿ ನೆಲದಲ್ಲಿ ನಷ್ಟದ ಬೇಸಾಯ ಬಿಟ್ಟು, 2000ದ ದಶಕದ ಆರಂಭದಿಂದ ಲಾಂಗ್‌ಹಾರ್ನ್ ದನ, ಟ್ಯಾಮ್‌ವರ್ತ್ ಹಂದಿ, ಎಕ್ಸ್‌ಮೂರ್ ಕುದುರೆ ಬಿಟ್ಟು ಕಾಡುನೆಲ ಎಬ್ಬಿಸಿತು. ನೈಟಿಂಗೇಲ್, ಟರ್ಟಲ್ ಡವ್, ಪರ್ಪಲ್ ಎಂಪರರ್ ಚಿಟ್ಟೆ ಎಲ್ಲ ಬಂದವು. ಆ ಹಳೆಯ ಗಳಿಕೆ ಈ ಕಡ್ಡಾಯ ಮಾರುಕಟ್ಟೆಯಲ್ಲಿ ಯೂನಿಟ್ ಆಗುವುದಿಲ್ಲ. ಮೊದಲು ಮಾಡಿ ತೋರಿಸಿದವರಿಗೆ ಮಾರಾಟದ ಹಕ್ಕಿಲ್ಲ, ತಡವಾಗಿ ಬಂದವರಿಗೆ ಇದೆ. ನ್ಯಾಯವಲ್ಲ ಅನ್ನಿಸಬಹುದು. ಆದರೆ ಬಿಲ್ಡರ್ ಕೊಟ್ಟ ದುಡ್ಡಿನಿಂದ ಹೊಸದಾಗಿ ಏನಾದರೂ ಆಗಲೇಬೇಕು ಎಂಬ ನಿಯಮ ಇಟ್ಟರೆ ಬೇರೆ ದಾರಿಯಿಲ್ಲ.

ಸೂತ್ರ

ಸರಕಾರ ಕೊಟ್ಟ ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಹೀಗೆ ನಡೆಯುತ್ತದೆ. ವಿಸ್ತೀರ್ಣವನ್ನು ಆವಾಸದ ವಿಶಿಷ್ಟತೆಯಿಂದ ಗುಣಿಸಬೇಕು (ಕಡಿಮೆ 2, ಮಧ್ಯಮ 4, ಹೆಚ್ಚು 6, ಅತಿ ಹೆಚ್ಚು 8). ಅದನ್ನು ಸ್ಥಿತಿಯಿಂದ ಗುಣಿಸಬೇಕು (ಕಳಪೆ 1, ಸಾಧಾರಣ 2, ಉತ್ತಮ 3). ಆಮೇಲೆ ಕಡಿತಗಳು: ಗುರಿ ಮುಟ್ಟಲು ಹಿಡಿಯುವ ಪ್ರತಿ ವರ್ಷಕ್ಕೆ 3.5%, ಜೊತೆಗೆ ಆ ಆವಾಸ ಎಬ್ಬಿಸುವುದು ಎಷ್ಟು ಕಷ್ಟ ಎಂಬುದಕ್ಕೆ 1, 0.67, 0.33 ಅಥವಾ 0.1.

ನಮ್ಮ 10 ಹೆಕ್ಟೇರ್ ಇಂದು 20 ಯೂನಿಟ್. ಅದನ್ನು ಮಧ್ಯಮ ವಿಶಿಷ್ಟತೆಯ ಸಾಮಾನ್ಯ ಹೂಹುಲ್ಲುಗಾವಲು ಮಾಡಿ 5 ವರ್ಷದಲ್ಲಿ ಸಾಧಾರಣ ಸ್ಥಿತಿಗೆ ತರುತ್ತೇವೆ ಎಂದರೆ: 10 × 4 × 2 × 0.837 = 67 (ಐದು ವರ್ಷ ಒಂದರ ಮೇಲೊಂದು 3.5% ಕಳೆದರೆ 0.837; ಕಷ್ಟದ ಗುಣಕ ಇಲ್ಲಿ 1). ಇಪ್ಪತ್ತು ಕಳೆದರೆ ಮಾರಲು 47. ಉತ್ತಮ ಸ್ಥಿತಿ, 10 ವರ್ಷ ಎಂದರೆ 10 × 4 × 3 × 0.700 = 84, ಮಾರಲು 64.

ಅದೇ ಹೊಲದಲ್ಲಿ ಅತಿ ಅಪರೂಪದ ಹಳೆಯ ಬಗೆಯ ತಗ್ಗುನಾಡಿನ ಹುಲ್ಲುಗಾವಲನ್ನೇ ತರುತ್ತೇನೆ ಎಂದು ಹೊರಟರೆ ವಿಶಿಷ್ಟತೆ 8, ಆದರೆ ಕಷ್ಟದ ಗುಣಕ 0.33. ಉತ್ತಮ ಸ್ಥಿತಿಗೆ 15 ವರ್ಷ ಹಿಡಿದರೆ 10 × 8 × 3 × 0.586 × 0.33 = 46; ಮಾರಲು ಸಿಗುವುದು 26. ಉದ್ದದ ದಾರಿ, ಹೆಚ್ಚು ಅಪಾಯ, ಕಡಿಮೆ ಯೂನಿಟ್. ಈ ಸೂತ್ರ ರೈತನನ್ನು ನಡುಮಟ್ಟದ ಆವಾಸದ ಕಡೆಗೇ ತಳ್ಳುತ್ತದೆ. ಪರಿಣಾಮವಾಗಿ ಸಾಮಾನ್ಯ ಹುಲ್ಲುಗಾವಲು ಯೂನಿಟ್ ಮಾರುವವರು ಹೆಚ್ಚು. ಜೌಗು, ಹಳ್ಳದ ಯೂನಿಟ್ ಕೈಯಲ್ಲಿರುವವರು ಕಡಿಮೆ. ಬೇಲಿಸಾಲು ಮತ್ತು ಜಲಮಾರ್ಗಕ್ಕೆ ಲೆಕ್ಕವೇ ಬೇರೆ. ಒಂದರ ಯೂನಿಟ್‌ನಿಂದ ಇನ್ನೊಂದರ ಕೊರತೆ ತುಂಬುವಂತಿಲ್ಲ. ಹೊಲದ ಸುತ್ತ ಬ್ಲಾಕ್‌ಥಾರ್ನ್, ಹಾಥಾರ್ನ್ ಸಾಲು ನೆಟ್ಟರೆ ಅದು ಮಾರಲು ಇನ್ನೊಂದು ಪ್ರತ್ಯೇಕ ಸರಕು ಎಂಬುದನ್ನು ಎಷ್ಟೋ ಜನ ಮರೆಯುತ್ತಾರೆ.

ಈ ಲೆಕ್ಕದ ಒಂದು ಗುಣವನ್ನು ಕರ್ನಾಟಕದವರು ಗಮನಿಸಬೇಕು. ಇಲ್ಲಿ ಮರಕ್ಕೆ ಮರ ಎಂಬ ಕಾರಣಕ್ಕೆ ಅಂಕವಿಲ್ಲ. ಒಳ್ಳೆಯ ಹುಲ್ಲುಗಾವಲಿನ ಮೇಲೆ ಗಿಡ ನೆಟ್ಟರೆ ಲೆಕ್ಕ ಮೈನಸ್ಸಿಗೆ ಹೋಗಬಹುದು. ಭಾರತದ ಗ್ರೀನ್ ಕ್ರೆಡಿಟ್ ಕಾರ್ಯಕ್ರಮ 2024ರ ಫೆಬ್ರವರಿಯಲ್ಲಿ ಹೊರಡಿಸಿದ ವಿಧಾನದಲ್ಲಿ ಮರವೊಂದಕ್ಕೆ ಒಂದು ಕ್ರೆಡಿಟ್, ಹೆಕ್ಟೇರಿಗೆ ಕನಿಷ್ಠ 1,100 ಮರ ಎಂದಿತ್ತು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಹುಲ್ಲುಬಯಲಿನಲ್ಲಿ ನೀಲಗಿರಿ ನೆಟ್ಟು ಕಂಡ ಫಲ ಗೊತ್ತಿದ್ದವರಿಗೆ ಇದರ ತೊಂದರೆ ವಿವರಿಸಬೇಕಿಲ್ಲ.

ರಂಜಕ ಎಂಬ ಶತ್ರು

ಕಾಗದದಲ್ಲಿ 47 ಬರೆಯುವುದು ಸುಲಭ, ನೆಲದಲ್ಲಿ ಅದನ್ನು ತಡೆಯುವುದು ದಶಕಗಳ ಗೊಬ್ಬರ. ಹುಲುಸಾದ ಮಣ್ಣಿನಲ್ಲಿ ರೈಗ್ರಾಸ್, ಕಾಕ್ಸ್‌ಫುಟ್‌ನಂಥ ದಪ್ಪ ಹುಲ್ಲು ಎದ್ದು ನೆರಳು ಕವಿದು ಸಣ್ಣ ಹೂಗಿಡಗಳನ್ನು ಅಡಗಿಸಿಬಿಡುತ್ತದೆ. ಸಾರಜನಕ ತೊಳೆದು ಹೋಗುತ್ತದೆ. ರಂಜಕ ಮಣ್ಣಿಗೆ ಅಂಟಿಕೊಂಡು ಕೂರುತ್ತದೆ. ಆದ್ದರಿಂದ ಬೀಜ ತರುವ ಮುಂಚೆ ಮಣ್ಣು ಪರೀಕ್ಷೆ. ಓಲ್ಸನ್ ವಿಧಾನದಲ್ಲಿ ಲೀಟರಿಗೆ 0–9 ಮಿಲಿಗ್ರಾಂ ಇದ್ದರೆ ಸೂಚ್ಯಂಕ 0, 10–15 ಇದ್ದರೆ 1, 16–25 ಇದ್ದರೆ 2, 26–45 ಇದ್ದರೆ 3. ಹೂಹುಲ್ಲುಗಾವಲಿಗೆ 0 ಅಥವಾ 1 ಬೇಕು. ಗೋಧಿ ಹೊಲಗಳು ಸಾಮಾನ್ಯವಾಗಿ 2 ಅಥವಾ 3ರಲ್ಲಿರುತ್ತವೆ. ಇಡೀ ಹೊಲಕ್ಕೆ ಒಂದೇ ಮಾದರಿ ತೆಗೆದರೆ ಸಾಲದು. ಹಳೆಯ ಗೊಬ್ಬರದ ಗುಂಡಿ ಇದ್ದ ಜಾಗ, ಗೇಟಿನ ಪಕ್ಕ, ತಗ್ಗಿನ ಮೂಲೆ ಇವು ಬೇರೆಯೇ ಅಂಕಿ ಕೊಡುತ್ತವೆ.

ಸೂಚ್ಯಂಕ 2 ಇದ್ದರೆ ಒಂದೆರಡು ವರ್ಷ ರಂಜಕ ಹಾಕದೆ ಬಾರ್ಲಿ ಬೆಳೆದು, ಹುಲ್ಲು ಕಾಳು ಎರಡನ್ನೂ ಹೊರಗೆ ಸಾಗಿಸುವ ದಾರಿ ಇದೆ. ಆದರೆ ಅದು ನಿಧಾನ: ಒಂದು ಟನ್ ಒಣಹುಲ್ಲು ಹೊತ್ತೊಯ್ಯುವುದು ಸುಮಾರು ಎರಡೂವರೆ ಕಿಲೋ ರಂಜಕ ಮಾತ್ರ. ಸೂಚ್ಯಂಕ 3 ದಾಟಿದ್ದರೆ ಮೇಲ್ಮಣ್ಣು ಕೆರೆದು ತೆಗೆಯುವ ಉಪಾಯವಿದೆ, ಆದರೆ ಹತ್ತು ಹೆಕ್ಟೇರಿನ ಮಣ್ಣನ್ನು ಎಲ್ಲಿ ಸುರಿಯುವುದು? ನೆಲದಡಿ ಪುರಾತತ್ವದ ಕುರುಹು ಇದ್ದರಂತೂ ಅನುಮತಿ ಸಿಗುವುದೇ ಕಷ್ಟ. ನಮ್ಮ ಸಲಹೆ: ಅಂಥ ತುಂಡನ್ನು ಹುಲ್ಲುಗಾವಲಿನ ಪಟ್ಟಿಯಿಂದಲೇ ತೆಗೆದು ಕುರುಚಲು ಅಥವಾ ಮರಗಳಿಗೆ ಬಿಡಿ. ಅವಕ್ಕೆ ರಂಜಕ ಅಷ್ಟು ತೊಂದರೆ ಕೊಡುವುದಿಲ್ಲ.

ಹೀತ್ ಕುರುಚಲಿಗೆ ಹೊರಟವರಿಗೆ ಇನ್ನೊಂದು ತಲೆನೋವು. ಹುಳಿ ಮರಳು ನೆಲಕ್ಕೆ ಹಿಂದಿನವರು ಸುಣ್ಣ ಹಾಕಿ ಹಾಕಿ ಹುಳಿ ತೆಗೆದಿರುತ್ತಾರೆ. ಅದನ್ನು ಮತ್ತೆ ಹುಳಿ ಮಾಡಲು ಗಂಧಕ ಹರಡಬೇಕಾಗುತ್ತದೆ.

ಬಿತ್ತನೆ

ಆಗಸ್ಟ್‌ನಲ್ಲಿ ಗೋಧಿ ಕೊಯ್ದ ಮೇಲೆ ಕೂಳೆಯನ್ನು ಮೇಲೆ ಮೇಲೆ ಹರಗಿ, ಉದುರಿದ ಗೋಧಿ ಮತ್ತು ಕಳೆ ಮೊಳೆಯಲು ಬಿಟ್ಟು, ಮೊಳೆತದ್ದನ್ನು ಕೊಂದು, ಇನ್ನೊಮ್ಮೆ ಹಾಗೇ ಮಾಡಬೇಕು. ಆಳಕ್ಕೆ ನೇಗಿಲು ಹಾಕಿದರೆ ಕೆಳಗೆ ಮಲಗಿದ್ದ ಕಳೆಬೀಜ ಮೇಲೆ ಬರುತ್ತದೆ. ಹೆಂಟೆಯಿಲ್ಲದ, ಹೆಜ್ಜೆ ಹೂಳದಷ್ಟು ಗಟ್ಟಿಯಾದ ಮಡಿ ಸಿದ್ಧವಾಗಬೇಕು.

ಬೀಜ ಬರುವುದು ಎರಡು ದಾರಿಯಲ್ಲಿ. ಚೀಲದ ಬೀಜವಾದರೆ ತೂಕದಲ್ಲಿ 80% ಸಣ್ಣ ಹುಲ್ಲು, 20% ಹೂಗಿಡ ಇರುವ ಮಿಶ್ರಣ, ಚದರ ಮೀಟರಿಗೆ 4 ಗ್ರಾಂ. 10 ಹೆಕ್ಟೇರಿಗೆ 400 ಕಿಲೋ. ಇಷ್ಟು ಹಗುರ ಬೀಜ ಸಮನಾಗಿ ಬೀಳಲು ಒಣ ಮರಳು ಬೆರೆಸಿ ಎರಚುತ್ತಾರೆ. ಎರಡನೆಯದು ಹಸಿ ಹುಲ್ಲು: ಹತ್ತಿರದ ಹಳೆಯ ಹುಲ್ಲುಗಾವಲಿನಲ್ಲಿ ಬೀಜ ಕಟ್ಟಿದಾಗ ಕೊಯ್ದು ಅದೇ ದಿನ ತಂದು ಹರಡುವುದು. ಒಂದು ಹೆಕ್ಟೇರ್ ಹುಲ್ಲು ಸುಮಾರು ಮೂರು ಹೆಕ್ಟೇರಿಗೆ ಸಾಕು. ಮರುದಿನಕ್ಕೆ ಇಟ್ಟರೆ ರಾಶಿ ಬಿಸಿಯೇರಿ ಬೀಜ ಸಾಯುತ್ತದೆ. ಟ್ರೇಲರ್‌ನಲ್ಲೇ ಉಳಿದು ಕೆಟ್ಟ ಹಸಿ ಹುಲ್ಲು ಈ ವಿಧಾನ ಸೋಲಲು ಒಂದು ಕಾರಣ. ಊರಿನ ತಳಿ ಬರುತ್ತದೆ ಎಂಬ ಕಾರಣಕ್ಕೆ, ಸಿಗುವುದಾದರೆ, ಇದೇ ಮೇಲು.

ಬಿತ್ತನೆ ಎಂದರೆ ಎರಚುವುದು, ಹೂಳುವುದಲ್ಲ. ಕೂರಿಗೆಯಲ್ಲಿ ಗೋಧಿಯ ಆಳಕ್ಕೆ ಇಳಿಸಿದರೆ ಹೂಬೀಜ ಮೇಲೇಳುವುದಿಲ್ಲ. ಎರಚಿದ ಮೇಲೆ ರೋಲರ್ ಓಡಿಸಿ ಮಣ್ಣಿಗೆ ಒತ್ತಬೇಕು, ಅಷ್ಟೇ. ಸೆಪ್ಟೆಂಬರ್ ಮುಗಿಯುವುದರೊಳಗೆ ಇದಾಗಬೇಕು.

ಮಿಶ್ರಣದಲ್ಲಿ ಮರೆಯಬಾರದ ಗಿಡ ಯೆಲ್ಲೋ ರ‍್ಯಾಟಲ್. ನಮ್ಮ ಜೋಳ, ಕಬ್ಬಿನ ಹೊಲಗಳಲ್ಲಿ ಕಾಟ ಕೊಡುವ ಸ್ಟ್ರೈಗಾ ಕಳೆಯ ಕುಟುಂಬದ್ದೇ ಇದು. ಹಸಿರೆಲೆ ಇದ್ದರೂ ಬೇರಿನಿಂದ ಪಕ್ಕದ ಹುಲ್ಲಿನ ಬೇರನ್ನು ಹಿಡಿದು ಸತ್ವ ಹೀರುತ್ತದೆ. ಬೆಳೆಗಾರನಿಗೆ ಶಾಪವಾಗುವ ಆ ಗುಣ ಇಲ್ಲಿ ವರ: ದಪ್ಪ ಹುಲ್ಲು ಕುಗ್ಗಿ ನಡುವೆ ಹೂಗಿಡಕ್ಕೆ ಜಾಗವಾಗುತ್ತದೆ. ಹೆಕ್ಟೇರಿಗೆ ಅರ್ಧದಿಂದ ಒಂದು ಕಿಲೋ ಸಾಕು. ಇದರ ಬೀಜ ಮೊಳೆಯಲು ಚಳಿಗಾಲದ ತಂಪು ಬೇಕೇ ಬೇಕು. ವಸಂತದಲ್ಲಿ ಬಿತ್ತಿದರೆ ಆ ವರ್ಷ ಸೊನ್ನೆ. ಬೀಜ ಮಣ್ಣಿನಲ್ಲಿ ಹೆಚ್ಚು ವರ್ಷ ಬದುಕುವುದೂ ಇಲ್ಲ. ಗಿಡ ವಾರ್ಷಿಕವಾದ್ದರಿಂದ ಒಂದೆರಡು ಬೇಸಿಗೆ ಬೀಜ ಉದುರುವ ಮುಂಚೆಯೇ ಹುಲ್ಲು ಕೊಯ್ದರೆ ಇಡೀ ಹೊಲದಿಂದ ಅದು ಮಾಯ.

ಮೊದಲ ಐದು ವರ್ಷ

ಮೊದಲ ಬೇಸಿಗೆಯಲ್ಲಿ ನೋಡಿದವರು ಯೋಜನೆ ಕೆಟ್ಟಿತು ಎಂದೇ ಹೇಳುತ್ತಾರೆ. ಹೊಲ ತುಂಬ ಗಸಗಸೆಯ ಕೆಂಪು, ಫ್ಯಾಟ್ ಹೆನ್ ಎಂಬ ಕಳೆ, ಮುಳ್ಳುಗಿಡ. ಬಿತ್ತಿದ ಗಿಡಗಳು ಅಡಿಯಲ್ಲಿ ಬೆರಳುದ್ದ ಇರುತ್ತವೆ. ಕಳೆ 10–15 ಸೆಂ.ಮೀ. ದಾಟಿದಾಗೆಲ್ಲ ಕತ್ತರಿಸಬೇಕು. ಕತ್ತರಿಸಿದ್ದನ್ನು ಹೊರಗೆ ಸಾಗಿಸಬೇಕು. ಅಲ್ಲೇ ಬಿಟ್ಟರೆ ಅದೇ ಗೊಬ್ಬರವಾಗಿ, ಕಷ್ಟಪಟ್ಟು ಇಳಿಸಿದ ರಂಜಕ ಹಿಂತಿರುಗುತ್ತದೆ. ಎರಡನೆಯ ವರ್ಷದಿಂದ ಜುಲೈ ಮಧ್ಯದ ನಂತರ ಒಂದು ಕೊಯ್ಲು. ಕೊಯ್ದ ಹುಲ್ಲನ್ನು ಮೂರು ನಾಲ್ಕು ದಿನ ತಿರುವಿ ಹಾಕಿ ಬೀಜ ಉದುರಿದ ಮೇಲೆ ಬೇಲ್ ಕಟ್ಟಬೇಕು. ನಂತರ ಚಳಿಗಾಲದವರೆಗೆ ದನ ಮೇಯಿಸುವುದು. ಗೊರಸು ತುಳಿದು ಮಾಡುವ ಬರಿಮಣ್ಣಿನ ಕಲೆಗಳಲ್ಲೇ ಮುಂದಿನ ವರ್ಷದ ಸಸಿ ಏಳುತ್ತದೆ.

ನಾರ್ಫಕ್‌ನಂಥ ಧಾನ್ಯದ ಸೀಮೆಯಲ್ಲಿ ಸಿಗದಿರುವುದೇ ಈ ದನ. ಬೇಲಿ ಇಲ್ಲ, ತೊಟ್ಟಿಗೆ ನೀರಿನ ಪೈಪಿಲ್ಲ, ದನ ಕಟ್ಟಿದ ಅನುಭವದ ಆಳಿಲ್ಲ. ಬೀಜದ ಬೆಲೆಯನ್ನು ಪೈಸೆ ಪೈಸೆ ಲೆಕ್ಕ ಹಾಕುವವರು ಬೇಲಿ ಮತ್ತು ನೀರಿನ ಖರ್ಚನ್ನು ಬಿಟ್ಟುಬಿಡುತ್ತಾರೆ. ನೆರೆಯವರ ದನಕ್ಕೆ ಕರಾರಿನ ಮೇಲೆ ಬಿಡುವುದಾದರೆ ಒಂದು ಎಚ್ಚರ: ರ‍್ಯಾಗ್‌ವರ್ಟ್ ಎಂಬ ವಿಷದ ಕಳೆ. ಹಸಿಯಲ್ಲಿ ಕಹಿಯೆಂದು ದನ ಅದನ್ನು ಮುಟ್ಟುವುದು ಕಡಿಮೆ. ಒಣಗಿ ಒಣಹುಲ್ಲಿನ ಕಟ್ಟಿನೊಳಗೆ ಸೇರಿದರೆ ತಿಂದು ಯಕೃತ್ತು ಕೆಡಿಸಿಕೊಳ್ಳುತ್ತದೆ. ಕೊಯ್ಲಿಗೆ ಮೊದಲು ಬೇರುಸಹಿತ ಕಿತ್ತು ಸಾಗಿಸಲೇಬೇಕು. 1959ರ ಕಳೆ ಕಾಯಿದೆಯ ಐದು ಹಾನಿಕರ ಕಳೆಗಳಲ್ಲಿ ಇದೂ ಒಂದು, ನೆರೆಯವರ ದೂರು ಬರುವುದೂ ಮೊದಲು ಇದರ ಮೇಲೆಯೇ.

ಐದನೆಯ ವರ್ಷ ಸ್ಥಿತಿ ಅಳೆಯುವವರು ಬಂದಾಗ ಆರು ಅಂಶ ನೋಡುತ್ತಾರೆ. ಘೋಷಿಸಿದ ಆವಾಸದ ಲಕ್ಷಣ ಇದೆಯೇ. ಹುಲ್ಲಿನ ಎತ್ತರ ಏರುಪೇರಾಗಿದೆಯೇ, ಅಂದರೆ ಕನಿಷ್ಠ 20% ಭಾಗ 7 ಸೆಂ.ಮೀ.ಗಿಂತ ಗಿಡ್ಡ, 20% ಅದಕ್ಕಿಂತ ಎತ್ತರ. ಬರಿಮಣ್ಣು 1ರಿಂದ 5% ಇದೆಯೇ. ಪೊದೆ 5% ಮೀರಿಲ್ಲವೇ. ಬೇಡದ ಕಳೆ ಮತ್ತು ತುಳಿತದ ಹಾನಿ ಮಿತಿಯಲ್ಲಿದೆಯೇ. ಚದರ ಮೀಟರಿನಲ್ಲಿ 10 ಅಥವಾ ಹೆಚ್ಚು ಜಾತಿಯ ಗಿಡಗಳಿವೆಯೇ. ಕೊನೆಯದೇ ಕಷ್ಟ. ಮೇಲಿಂದ ನೋಡಿ ಹೂ ತುಂಬಿದೆ ಎಂದು ಹಿಗ್ಗಿದ ಹೊಲದಲ್ಲಿ ಚೌಕಟ್ಟು ಇಟ್ಟು ಎಣಿಸಿದರೆ ಆರೋ ಏಳೋ ಜಾತಿ ಸಿಗುತ್ತದೆ. ಆದ್ದರಿಂದಲೇ, ಉತ್ತಮ ಸ್ಥಿತಿ ಎಂದು ಬರೆದು 64 ಯೂನಿಟ್ ಮಾರುವ ಆಸೆಗೆ ಬೀಳದೆ ಸಾಧಾರಣಕ್ಕೆ 47 ಮಾರಿ ಎನ್ನುವುದು ನಮ್ಮ ನಿಲುವು.

ಕರಾರು, ದುಡ್ಡು

ಯೂನಿಟ್ ಕಾನೂನಿನ ಕಣ್ಣಿಗೆ ಬೀಳಬೇಕಾದರೆ ಸ್ಥಳೀಯ ಯೋಜನಾ ಪ್ರಾಧಿಕಾರದೊಂದಿಗೆ ಯೋಜನಾ ಕಾನೂನಿನ ಸೆಕ್ಷನ್ 106 ಕರಾರು, ಇಲ್ಲವೇ ಸರಕಾರ ಮಾನ್ಯ ಮಾಡಿದ ಸಂಸ್ಥೆಯೊಂದಿಗೆ ಸಂರಕ್ಷಣಾ ಒಡಂಬಡಿಕೆ ಆಗಬೇಕು. ಎರಡೂ ಜಮೀನಿಗೇ ಅಂಟುತ್ತವೆ. ಮಾರಿದರೆ ಕೊಂಡವನ ತಲೆಗೆ ಬರುತ್ತದೆ. ನಂತರ 639 ಪೌಂಡ್ ಶುಲ್ಕ ಕಟ್ಟಿ ಸರಕಾರದ ನಿಸರ್ಗ ಸಂರಕ್ಷಣಾ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್ ನಡೆಸುವ ದಾಖಲೆಪುಸ್ತಕದಲ್ಲಿ ನೋಂದಣಿ. ಜಮೀನಿನ ಮೇಲೆ ಬ್ಯಾಂಕ್ ಸಾಲ ಇದ್ದರೆ ಅವರ ಒಪ್ಪಿಗೆ, ಗೇಣಿದಾರ ಇದ್ದರೆ ಅವನ ಒಪ್ಪಿಗೆ ಮೊದಲೇ ಪಡೆಯಿರಿ. ಬೀಜ ಮೊಳೆಯುವುದಕ್ಕಿಂತ ವಕೀಲರ ಪತ್ರ ಬರುವುದು ತಡ. ಬಿತ್ತನೆ ಸೆಪ್ಟೆಂಬರ್‌ಗೆ ಎಂದರೆ ಕರಾರಿನ ಮಾತು ಹಿಂದಿನ ವರ್ಷವೇ ಶುರುವಾಗಿರಬೇಕು.

ಬಿಲ್ಡರ್ ಎಲ್ಲಿಯವನು ಎಂಬುದೂ ಬೆಲೆಗೆ ಮುಖ್ಯ. ಅದೇ ಪ್ರಾಧಿಕಾರದ ಅಥವಾ ಅದೇ ಭೂದೃಶ್ಯ ವಲಯದವನಾದರೆ ಒಂದು ಯೂನಿಟ್ ಒಂದೇ. ಪಕ್ಕದವನಾದರೆ 0.75, ಅದಕ್ಕೂ ದೂರದವನಾದರೆ 0.5. ಹಾಗಾಗಿ ಡೆರೆಹ್ಯಾಮ್ ಇರುವ ಬ್ರೆಕ್‌ಲ್ಯಾಂಡ್ ಜಿಲ್ಲೆಯಲ್ಲಿ ಮನೆ ಏಳದಿದ್ದರೆ ಲಂಡನ್‌ನ ಬೇಡಿಕೆ ಹೆಚ್ಚೇನೂ ನೆರವಾಗದು. 2025ರಲ್ಲಿ ಸರಕಾರ ಸಣ್ಣ ನಿವೇಶನಗಳಿಗೆ ವಿನಾಯಿತಿ ಹೆಚ್ಚಿಸುವ ಬಗ್ಗೆ ಅಭಿಪ್ರಾಯ ಕೇಳಿದ್ದೇ ಜಮೀನುದಾರರಿಗೆ ನಡುಕ ಹುಟ್ಟಿಸಿತು.

47 ಯೂನಿಟ್, ತಲಾ 25,000 ಪೌಂಡ್ ಎಂದರೆ 11,75,000 ಪೌಂಡ್. ಕಣ್ಣು ಕುಕ್ಕುವ ಮೊತ್ತ. ಆದರೆ ಒಂದೇ ಸಲ ಎಲ್ಲವೂ ಹೋಗುವುದಿಲ್ಲ, ಒಂದೆರಡು ಯೂನಿಟ್‌ನ ಸಣ್ಣ ವ್ಯಾಪಾರವೇ ಹೆಚ್ಚು. ಹಣ ಇಂದು ಕೈಗೆ, ಹೊಣೆ 30 ವರ್ಷಕ್ಕೆ: ಪ್ರತಿ ವರ್ಷದ ಕೊಯ್ಲು, ಬೇಲಿ ರಿಪೇರಿ, ತಜ್ಞರ ವರದಿ, ಪ್ರಾಧಿಕಾರದ ಉಸ್ತುವಾರಿ ಶುಲ್ಕ, ಒಂದು ಬರಗಾಲಕ್ಕೆ ಮರುಬಿತ್ತನೆ. ಮೊದಲ ಮಾರಾಟದಿಂದಲೇ ಈ ಬಾಬತ್ತನ್ನು ಬೇರೆ ಖಾತೆಗೆ ಹಾಕದವನು ಹತ್ತನೆಯ ವರ್ಷ ಟ್ರ್ಯಾಕ್ಟರ್ ಡೀಸೆಲ್‌ಗೆ ಪರದಾಡುತ್ತಾನೆ. ಮಾರಾಟವಾಗದೆ ಕೂತದ್ದಕ್ಕೆ ಒಂದು ಸಮಾಧಾನ ಸೂತ್ರದಲ್ಲೇ ಇದೆ. ಮಾರುವ ಹೊತ್ತಿಗೆ ಹುಲ್ಲುಗಾವಲಿಗೆ ಎರಡು ವರ್ಷವಾಗಿದ್ದರೆ ಕಾಲದ ಕಡಿತ ಮೂರು ವರ್ಷದ್ದು ಮಾತ್ರ: 80 × 0.899 = 72, ಅಂದರೆ 47ರ ಬದಲು 52 ಯೂನಿಟ್.

ವೆನ್ಸಮ್ ಕಣಿವೆಯವರಿಗೆ ಇನ್ನೊಂದು ಆದಾಯದ ಬಾಗಿಲೂ ಇದೆ. ನದಿಗೆ ರಂಜಕದಂಥ ಪೋಷಕಾಂಶ ಸೇರುವುದು ಮಿತಿ ಮೀರಿತೆಂದು 2022ರ ಮಾರ್ಚ್‌ನಲ್ಲಿ ನ್ಯಾಚುರಲ್ ಇಂಗ್ಲೆಂಡ್ ಕೊಟ್ಟ ಸಲಹೆಯಿಂದ ಇಲ್ಲಿ ಮನೆಗಳ ಅನುಮತಿಯೇ ನಿಂತಿತು. ಗೊಬ್ಬರ ಹಾಕುವುದು ನಿಂತ ಹೊಲ ಪೋಷಕಾಂಶ ಕ್ರೆಡಿಟ್ (ನದಿ ಸೇರದೆ ಉಳಿದ ಪೋಷಕಾಂಶದ ಲೆಕ್ಕ) ಕೂಡ ಕೊಡಬಲ್ಲದು, ಒಂದೇ ನೆಲದಿಂದ ಇವೆರಡನ್ನೂ ಮಾರಲು ನಿಯಮ ಒಪ್ಪುತ್ತದೆ.

ಮೂವತ್ತು ವರ್ಷ ಮುಗಿದ ಮೇಲೆ ಕರಾರು ಬಿಡುಗಡೆಯಾಗುತ್ತದೆ. ಮತ್ತೆ ಗೋಧಿ ಹಾಕಬಹುದೇ ಎಂದು ಕೇಳುವವರಿದ್ದಾರೆ. ಅಷ್ಟರಲ್ಲಿ ಅದು ಅರೆನೈಸರ್ಗಿಕ ಹುಲ್ಲುನೆಲ ಎನಿಸಿಕೊಂಡಿರುತ್ತದೆ; 2 ಹೆಕ್ಟೇರ್ ಮೀರಿದ ಅಂಥ ನೆಲವನ್ನು ಬೇಸಾಯಕ್ಕಾಗಿ ಉಳಲು 2006ರ ಪರಿಸರ ಪರಿಣಾಮ ನಿಯಮಗಳ ಪ್ರಕಾರ ನ್ಯಾಚುರಲ್ ಇಂಗ್ಲೆಂಡ್‌ನ ತೀರ್ಮಾನ ಬೇಕು. ಹೊಸ ಕರಾರು ಮಾಡಿಕೊಂಡು ಎರಡನೆಯ ಸುತ್ತು ಮಾರುವುದಕ್ಕೂ ಅವಕಾಶವಿದೆ. ಆಗ ಮಾತ್ರ ಲೆಕ್ಕ ಶುರುವಾಗುವುದು ಹೆಕ್ಟೇರಿಗೆ 2ರಿಂದ ಅಲ್ಲ, 8ರಿಂದ. ಸಾಧಾರಣವನ್ನು ಉತ್ತಮ ಮಾಡಿದರೂ 12, ಅದರಲ್ಲೂ ಕಾಲದ ಕಡಿತ ಹೋಗಬೇಕು. ಮಕ್ಕಳಿಗೆ ಮಾರಲು ಉಳಿಯುವುದು ತೀರ ಕಡಿಮೆ, ಮತ್ತು ಕರಾರಿಗೆ ಸಹಿ ಹಾಕುವ ದಿನ ಮನೆಯವರೆಲ್ಲರ ಮುಂದೆ ಇಡಬೇಕಾದ ಅಂಕಿ ಇದೇ.